ನಿಂತ ಗಾಡಿ

ಚಾಲಕನಿಲ್ಲದ ಕಾರು ಮಾಡುವ ಕಂಪನಿಗಳ ಸಂದರ್ಶನಕ್ಕೆ ಒಂದು ಸಿದ್ಧ ಕ್ರಮವಿದೆ. ಮೊದಲು ಆನ್‌ಲೈನ್ ಕೋಡಿಂಗ್ ಪರೀಕ್ಷೆ. ಅದರಲ್ಲಿ ಉಳಿದುಕೊಂಡವರಿಗೆ ಸಿ ಪ್ಲಸ್ ಪ್ಲಸ್ ಸುತ್ತು. ಆಮೇಲೆ ಗಣಿತ. ಆಮೇಲೆ ಒಂದು ದೊಡ್ಡ ಸಮಸ್ಯೆಯನ್ನು ಮುಂದಿಟ್ಟು 'ಇದನ್ನು ಹೇಗೆ ಕಟ್ಟುತ್ತೀರಿ' ಎಂದು ಕೇಳುವ ಸುತ್ತು. ಕೊನೆಗೆ, ಎಲ್ಲ ಕಡೆ ಇರುವಂತೆ, ಎಚ್.ಆರ್. ಕಳೆದ ಎರಡು ವರ್ಷಗಳಲ್ಲಿ ನಾನು ಇಂಥ ಮೂರು ಕಂಪನಿಗಳ ಸಂದರ್ಶನಕ್ಕೆ ಕೂತಿದ್ದೇನೆ. ರಸ್ತೆಯ ಚಿತ್ರದಲ್ಲಿ ಏನೇನಿದೆ ಎಂಬುದನ್ನು ಕಂಪ್ಯೂಟರಿಗೆ ಗುರುತಿಸಲು ಕಲಿಸುವುದು ನನ್ನ ಪಿಎಚ್.ಡಿ. ವಿಷಯ. ಫೆಲೋಶಿಪ್ ಮುಗಿಯುವ ತಿಂಗಳು ಕ್ಯಾಲೆಂಡರಿನಲ್ಲಿ ಕಾಣತೊಡಗಿದಾಗ ಈ ವಿಷಯ ಕಲಿತವರು ಹೋಗುವ ಬಾಗಿಲು ಬಹುಮಟ್ಟಿಗೆ ಇದೊಂದೇ.

ಪ್ರಶ್ನೆಗಳು ಚೆನ್ನಾಗಿರುತ್ತವೆ, ಅದನ್ನು ಒಪ್ಪಬೇಕು. ಬೇರೆ ಸಾಫ್ಟ್‌ವೇರ್ ಕಂಪನಿಗಳಲ್ಲಿ ಕೇಳುವ ಗುಂಡಗಿನ ಮ್ಯಾನ್‌ಹೋಲ್ ಮುಚ್ಚಳದ ಒಗಟುಗಳಂತಲ್ಲ. ನಿಮ್ಮ ಕಾರು, ಪಕ್ಕದ ಗಾಡಿ ಎರಡೂ ಓರೆಯಾಗಿಟ್ಟ ಎರಡು ಆಯತಗಳು ಎಂದುಕೊಳ್ಳಿ, ಅವು ಒಂದನ್ನೊಂದು ತಾಗುತ್ತವೆಯೇ ಎಂದು ಹೇಳುವ ಫಂಕ್ಷನ್ ಬರೆಯಿರಿ. 1968ರಲ್ಲಿ ಬಂದ ಎ ಸ್ಟಾರ್ ಎಂಬ ದಾರಿ ಹುಡುಕುವ ಕ್ರಮವನ್ನು, ಹಿಂದಕ್ಕೆ ಚಲಿಸಲೂ ಬರುವ ಕಾರಿಗೆ ಹೊಂದಿಸಿ. ಕಾಲ್ಮನ್ ಫಿಲ್ಟರನ್ನು ಮೊದಲಿನಿಂದ ಬಿಡಿಸಿ ತೋರಿಸಿ.

ಈ ಕಾಲ್ಮನ್ ಫಿಲ್ಟರ್ ತಪ್ಪದೆ ಬರುತ್ತದೆ. ರುಡಾಲ್ಫ್ ಕಾಲ್ಮನ್ 1960ರಲ್ಲಿ ಪ್ರಕಟಿಸಿದ ಲೆಕ್ಕ ಅದು. ಚಂದ್ರನಿಗೆ ಹೋದ ಅಪೊಲೊ ನೌಕೆಗಳ ದಾರಿ ತಿಳಿಯಲು ಬಳಸಿದ್ದು ಅದನ್ನೇ. ಸಮೀಕರಣಗಳನ್ನು ಬದಿಗಿಟ್ಟರೆ ವಿಷಯ ಸರಳ: ಮೊದಲು ಅಂದಾಜು ಮಾಡು, ಆಮೇಲೆ ಕಂಡದ್ದನ್ನು ನೋಡಿ ಅಂದಾಜು ತಿದ್ದಿಕೋ, ಅಂದಾಜನ್ನು ಎಷ್ಟು ನಂಬಬೇಕು ಕಣ್ಣನ್ನು ಎಷ್ಟು ನಂಬಬೇಕು ಎಂಬುದಕ್ಕೂ ಒಂದು ಲೆಕ್ಕ ಇಟ್ಟುಕೋ. ನಮ್ಮ ಆಯಿ ರಾಯಬಾಗದ ಬಸ್ಸಿಗೆ ಕಾಯುತ್ತಿದ್ದದ್ದು ಹೀಗೆಯೇ. ಬಸ್ಸಿನ ಹೊತ್ತು ಗೊತ್ತಿರುತ್ತಿತ್ತು, ಅದು ಅಂದಾಜು. ದೂರದಲ್ಲಿ ಧೂಳು ಏಳುತ್ತಿತ್ತು, ಅದು ಕಂಡದ್ದು. ಆದರೆ ಸಂತೆಯ ದಿನ ಧೂಳನ್ನು ನಂಬುತ್ತಿರಲಿಲ್ಲ, ಅವತ್ತು ಎಲ್ಲ ಗಾಡಿಗಳೂ ಧೂಳೆಬ್ಬಿಸುತ್ತವೆ. ಇದನ್ನು ಮೊದಲ ಕಂಪನಿಯ ಸಂದರ್ಶನದಲ್ಲಿ ಉದಾಹರಣೆಯಾಗಿ ಹೇಳಿದೆ. ಅತ್ತ ಕಡೆ ಕೂತಿದ್ದ ಹುಡುಗಿ ನಕ್ಕು 'ಗುಡ್' ಎಂದಳು. ಅಷ್ಟರಲ್ಲಿ ಪರದೆ ಹೆಪ್ಪುಗಟ್ಟಿತು.

ಕಷ್ಟ ಇರುವುದು ಪ್ರಶ್ನೆಯಲ್ಲಲ್ಲ, 'ಥಿಂಕ್ ಅಲೌಡ್' ಎಂಬ ಸೂಚನೆಯಲ್ಲಿ. ಉತ್ತರ ಸರಿಯಾಗಿದ್ದರೆ ಸಾಲದು, ಉತ್ತರಕ್ಕೆ ಹೋಗುವ ದಾರಿಯನ್ನು ಬಾಯಿಬಿಟ್ಟು ಹೇಳುತ್ತ ಹೋಗಬೇಕು. ಉದ್ದೇಶ ಒಳ್ಳೆಯದೇ. ಬಾಯಿಪಾಠ ಮಾಡಿಕೊಂಡು ಬಂದವನು ಯಾರು, ಯೋಚಿಸುವವನು ಯಾರು ಎಂಬುದು ಅದರಿಂದ ತಿಳಿಯುತ್ತದೆ. ಆದರೆ ನಮ್ಮ ಕಡೆ ಒಬ್ಬನೇ ಕೂತು ಜೋರಾಗಿ ಯೋಚಿಸುವವನನ್ನು ಕಂಡರೆ ಅವನ ಮನೆಯವರಿಗೆ ಹೇಳಿಕಳಿಸುತ್ತಾರೆ. ಅದಿರಲಿ. ಯೋಚನೆ ಯಾವ ಭಾಷೆಯಲ್ಲಿ ನಡೆಯುತ್ತದೆ ಎಂಬುದು ಗಡಿಯ ಐದು ತಾಲೂಕುಗಳಲ್ಲಿ ಬೆಳೆದವರಿಗೆ ಸುಲಭದ ಪ್ರಶ್ನೆಯಲ್ಲ. ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಕಬ್ಬಿನ ಲೆಕ್ಕಕ್ಕೆ ಎರಡೂ ಬೆರೆತದ್ದು. ನಾನು ಗುಣಾಕಾರ ಮಾಡುವಾಗ ತುಟಿಯೊಳಗೆ ಮಗ್ಗಿ ಹೇಳಿಕೊಳ್ಳುತ್ತೇನೆ. ಮ್ಯಾಟ್ರಿಕ್ಸ್ ಗುಣಿಸುವಾಗ 'ಏಳೆಂಟ್ಲ ಐವತ್ತಾರು' ಎಂದದ್ದು ಮೈಕಿಗೆ ಕೇಳಿಸಿ, ಆ ಕಡೆಯವರು 'ಸಾರಿ?' ಎಂದರು. ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳುವ ಎರಡು ಸೆಕೆಂಡಿನಲ್ಲಿ ಕೈಯಲ್ಲಿದ್ದ ಲೆಕ್ಕ ಜಾರುತ್ತದೆ. ಯೋಚನೆಯೇ ನಿಧಾನ ಎಂದು ಅವರು ಬರೆದುಕೊಳ್ಳುತ್ತಾರೋ ಏನೋ.

ನಿಪ್ಪಾಣಿಯ ಗೆಳೆಯನೊಬ್ಬ ಇದನ್ನು ತನ್ನದೇ ರೀತಿಯಲ್ಲಿ ದಾಟಿದ. ಹತ್ತನೇ ತರಗತಿಯವರೆಗೆ ಮರಾಠಿ ಮಾಧ್ಯಮ, ಎಂಜಿನಿಯರಿಂಗ್ ಮುಗಿದ ಮೇಲೆ ಒಂದು ವರ್ಷ ಅಪ್ಪನ ತಂಬಾಕಿನ ವಖಾರದಲ್ಲಿ ಲೆಕ್ಕ ಬರೆದವನು. ಆ ಒಂದು ವರ್ಷ ಏನು ಮಾಡಿದಿರಿ ಎಂದು ಎಲ್ಲರೂ ಕೇಳುತ್ತಾರೆ. ಮೊದಮೊದಲು 'ಫ್ಯಾಮಿಲಿ ಬಿಸಿನೆಸ್' ಎಂದು ಹೇಳಿ ಮುಗಿಸುತ್ತಿದ್ದ. ಆಮೇಲೆ, ಚೀಲದ ಮೇಲಿನ ವಾಸನೆಯಿಂದ ತಂಬಾಕಿನ ದರ್ಜೆ ಹೇಗೆ ತೆಗೆಯುತ್ತಾರೆ, ಇಬ್ಬರು ಹಳಬರು ಒಂದೇ ಚೀಲಕ್ಕೆ ಬೇರೆ ಬೇರೆ ದರ್ಜೆ ಹೇಳಿದರೆ ಜಗಳ ಹೇಗೆ ತೀರುತ್ತದೆ ಎಂದು ವಿವರಿಸತೊಡಗಿದ. ಎರಡು ಸೆನ್ಸರ್ ಎರಡು ಮಾತು ಹೇಳಿದಾಗ ಏನು ಮಾಡಬೇಕು ಎಂಬ ಪ್ರಶ್ನೆಯೇ ಅದು. ಈಗ ಪುಣೆಯಲ್ಲಿ ಪರೀಕ್ಷಾ ಕಾರಿನ ಎಡಸೀಟಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂರುವ ಕೆಲಸ. ನಿಪ್ಪಾಣಿಯವರಿಗೆ ಬೆಂಗಳೂರಿಗಿಂತ ಪುಣೆ ಅರ್ಧ ದೂರ, ಊಟವೂ ಒಗ್ಗುತ್ತದೆ.

ನಾನು ಹೇಳಬೇಕೆಂದಿರುವುದು ಎರಡನೆಯ ಕಂಪನಿಯ ನಾಲ್ಕನೆಯ ಸುತ್ತಿನ ಬಗ್ಗೆ. ಕಂಪನಿಯ ಕಚೇರಿ ಬೆಂಗಳೂರಿನಲ್ಲಿದೆ, ಅವರ ಕಾರು ಓಡುವುದು ಹೊರದೇಶದಲ್ಲಿ. ಸಂದರ್ಶನ ಮಾಡಿದವರು ನಲವತ್ತರ ಆಸುಪಾಸಿನ, ಸಮಾಧಾನದ ಮನುಷ್ಯ. ಬೋರ್ಡಿನ ಮೇಲೆ ಒಂದು ನೇರ ರಸ್ತೆ ಬರೆದರು. 'ರಾತ್ರಿ. ಕಾರಿನ ವೇಗ ಗಂಟೆಗೆ 80 ಕಿಲೋಮೀಟರ್. ಮುಂದೆ 80 ಮೀಟರ್ ದೂರದಲ್ಲಿ ನಿಂತ ವಸ್ತುವೊಂದು ಇದೆ ಎಂದು ರಡಾರ್ ಹೇಳುತ್ತಿದೆ. ಕ್ಯಾಮೆರಾಗೆ ಅಲ್ಲಿ ಗಾಡಿ ಕಾಣುತ್ತಿಲ್ಲ. ಯಾರ ಮಾತು ಕೇಳುತ್ತೀರಿ?'

ಆ ವೇಗದಲ್ಲಿ ಸೆಕೆಂಡಿಗೆ 22 ಮೀಟರ್ ದಾರಿ ಸಾಗುತ್ತದೆ. ಕೈಯಲ್ಲಿರುವುದು ಮೂರೂವರೆ ಸೆಕೆಂಡು.

ಪುಸ್ತಕದ ಉತ್ತರ ನನಗೆ ಗೊತ್ತಿತ್ತು. ರಡಾರ್ ವಸ್ತುವಿನ ವೇಗವನ್ನು ಚೆನ್ನಾಗಿ ಅಳೆಯುತ್ತದೆ, ಎತ್ತರವನ್ನು ಚೆನ್ನಾಗಿ ಅಳೆಯುವುದಿಲ್ಲ. ರಸ್ತೆಗೆ ಅಡ್ಡವಾಗಿ ತಲೆಯ ಮೇಲೆ ಹೋದ ಸೇತುವೆ, ಊರಿನ ಹೆಸರಿನ ಫಲಕ, ಪಕ್ಕದ ಕಬ್ಬಿಣದ ಕಟಕಟೆ, ರಸ್ತೆಯಲ್ಲಿ ಹುಗಿದ ಲೋಹದ ಮುಚ್ಚಳ ಇವೆಲ್ಲ ಅದಕ್ಕೆ 'ನಿಂತ ವಸ್ತು'ಗಳೇ. ಇವಕ್ಕೆಲ್ಲ ಬ್ರೇಕ್ ಹಾಕುತ್ತ ಹೋದರೆ ಕಾರು ಪ್ರತಿ ಸೇತುವೆಯ ಮುಂದೆಯೂ ಗಕ್ಕನೆ ನಿಲ್ಲುತ್ತದೆ, ಹಿಂದಿನಿಂದ ಬರುವವನು ಬಂದು ಗುದ್ದುತ್ತಾನೆ. ಹಾಗಾಗಿ ಅನೇಕ ವ್ಯವಸ್ಥೆಗಳು ರಡಾರ್ ತೋರಿಸುವ ನಿಂತ ವಸ್ತುಗಳನ್ನು, ಕ್ಯಾಮೆರಾ ಹೌದೆನ್ನುವವರೆಗೆ, ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಚಲಿಸುವ ಗಾಡಿಯನ್ನು ಹಿಂಬಾಲಿಸಬಲ್ಲ ಕಾರುಗಳು ನಿಂತ ಗಾಡಿಯ ಮುಂದೆ ತಡವರಿಸುವುದಕ್ಕೆ ಇದು ಒಂದು ಕಾರಣ.

ಉತ್ತರ ಹೇಳಲು ಬಾಯಿ ತೆರೆದೆ. ಅದರ ಬದಲು ಕಬ್ಬಿನ ಟ್ರಾಲಿಯ ವಿಷಯ ಹೇಳಿದೆ.

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ, ಮಿಕ್ಕವರಿಗಾಗಿ. ಕೃಷ್ಣೆ, ದೂಧಗಂಗೆ, ವೇದಗಂಗೆಯರ ದಂಡೆಯ ಈ ತಾಲೂಕುಗಳಲ್ಲಿ ಕಬ್ಬು ನುರಿಸುವ ಹಂಗಾಮು ಶುರುವಾದರೆ ರಸ್ತೆಗಳು ಕಾರ್ಖಾನೆಯವಾಗುತ್ತವೆ. ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿಯ ಕೃಷ್ಣಾ, ಕಾಗವಾಡ ತಾಲೂಕಿನ ಉಗಾರ, ಹೀಗೆ ಒಂದೊಂದು ದಿಕ್ಕಿಗೆ ಒಂದೊಂದು ಚಿಮಣಿ. ಒಂದು ಟ್ರ್ಯಾಕ್ಟರ್, ಅದರ ಬೆನ್ನಿಗೆ ಎರಡು ಟ್ರಾಲಿ. ಕಬ್ಬನ್ನು ಟ್ರಾಲಿಯ ಮೈಗಿಂತ ಅಗಲವಾಗಿ, ಎತ್ತರವಾಗಿ ಹೇರುತ್ತಾರೆ. ಗಳಗಳ ತುದಿ ಹಿಂದಕ್ಕೆ ಚಾಚಿ, ರವದಿ ಇಳಿಬಿದ್ದು, ಹಿಂದಿನ ದೀಪ ಇದ್ದರೂ ಮುಚ್ಚಿಹೋಗಿರುತ್ತದೆ. ಕೆಂಪು ರೇಡಿಯಂ ಪಟ್ಟಿ ಅಂಟಿಸಬೇಕೆಂಬ ನಿಯಮ ಎಲ್ಲರಿಗೂ ಗೊತ್ತು, ಹಂಗಾಮಿನ ಮೊದಲ ವಾರ ಅಂಟಿಸುತ್ತಾರೆ ಕೂಡ. ಎರಡು ಖೇಪು ಆಗುವುದರೊಳಗೆ ಅದು ಕೆಸರೋ, ಕಬ್ಬಿನ ಹಾಲೋ, ಧೂಳೋ ಹತ್ತಿ ಕಪ್ಪಾಗಿರುತ್ತದೆ. ಓಡುತ್ತಿರುವಾಗ ಅದರ ಸದ್ದು ಕೇಳುತ್ತದೆ, ಟ್ರ್ಯಾಕ್ಟರಿನಲ್ಲಿ ಹಚ್ಚಿದ ಹಾಡು ಒಂದು ಕಿಲೋಮೀಟರಿನಿಂದಲೇ ಕೇಳುತ್ತದೆ. ಪಂಕ್ಚರ್ ಆಗಿ ನಿಂತರೆ ಸದ್ದಿಲ್ಲ, ಹಾಡಿಲ್ಲ, ದೀಪವಿಲ್ಲ.

ಮೂರು ವರ್ಷದ ಹಿಂದೆ, ಜನವರಿಯಲ್ಲಿ, ನಮ್ಮೂರಿನ ಹುಡುಗನೊಬ್ಬ ಕುಡಚಿಯ ಕಡೆಯಿಂದ ಬೈಕಿನ ಮೇಲೆ ಬರುತ್ತಿದ್ದವನು ಅಂಥದೊಂದು ನಿಂತ ಟ್ರಾಲಿಗೆ ಹಿಂದಿನಿಂದ ಹೊಡೆದು ಅಲ್ಲೇ ಹೋದ. ನನಗಿಂತ ಎರಡು ವರ್ಷ ಚಿಕ್ಕವನು, ಶಾಲೆಯಲ್ಲಿ ನನ್ನ ಹಳೆಯ ಗಣಿತದ ಪುಸ್ತಕಗಳು ಅವನಿಗೇ ಹೋಗುತ್ತಿದ್ದವು. ಟ್ರಾಲಿಯವರು ಜಾಕ್ ತರಲು ಹೋಗಿದ್ದರು. ಹೋಗುವ ಮುಂಚೆ ಹಿಂದೆ ನಾಲ್ಕು ಕಲ್ಲು, ಒಂದು ಜಾಲಿಯ ಟೊಂಗೆ ಇಟ್ಟಿದ್ದರು. ನಮ್ಮ ರಸ್ತೆಗಳಲ್ಲಿ ಅದೇ ಎಚ್ಚರಿಕೆಯ ಫಲಕ. ಪಂಚನಾಮೆಯ ಹೊತ್ತಿಗೂ ಕಲ್ಲುಗಳು ಇಟ್ಟಲ್ಲೇ ಇದ್ದವು ಎಂದು ನೋಡಿದವರು ಹೇಳಿದರು.

ಇಷ್ಟನ್ನೂ ಸಂದರ್ಶನದಲ್ಲಿ ಹೇಳಲಿಲ್ಲ. ಹುಡುಗನ ಸಾವನ್ನು ಕೆಲಸ ಗಿಟ್ಟಿಸಲು ಬಳಸುವುದು ಸರಿಯೆನಿಸಲಿಲ್ಲ. ಟ್ರಾಲಿಯ ಚಿತ್ರ ಬರೆದೆ. ಇಲ್ಲಿ ಕ್ಯಾಮೆರಾ ಏನೂ ಕಾಣುತ್ತಿಲ್ಲ ಎನ್ನುವುದು ಏನೂ ಇಲ್ಲ ಎಂಬುದರ ಸಾಕ್ಷಿಯಲ್ಲ, ಹಾಗಾಗಿ ರಡಾರಿನ ಮಾತನ್ನು ಪೂರ್ತಿ ಬಿಸಾಡದೆ ಮೊದಲು ವೇಗ ಇಳಿಸಬೇಕು, ಇಳಿಸಿದಷ್ಟೂ ಕ್ಯಾಮೆರಾಗೆ ಹೊತ್ತು ಸಿಗುತ್ತದೆ, ಸೇತುವೆಯೋ ಟ್ರಾಲಿಯೋ ಎಂಬುದು ಆ ಹೊತ್ತಿನಲ್ಲಿ ತಿಳಿಯುತ್ತದೆ ಎಂದೆ.

'ಪ್ರತಿ ಸೇತುವೆಗೂ ವೇಗ ಇಳಿಸಿದರೆ ಪ್ರಯಾಣಿಕ ಸಿಟ್ಟಾಗುತ್ತಾನೆ. ಇಂಥ ಗಾಡಿ ಎಷ್ಟು ಸಲ ಎದುರಾಗುತ್ತದೆ?'

'ನವೆಂಬರಿನಿಂದ ಮಾರ್ಚಿನವರೆಗೆ, ಪ್ರತಿ ರಾತ್ರಿ.'

ಅವರು ನಕ್ಕರು, ಕೆಟ್ಟ ನಗುವಲ್ಲ. 'ನಮ್ಮ ಡೇಟಾದಲ್ಲಿ ಇದು ಎಡ್ಜ್ ಕೇಸ್' ಎಂದರು. ಆಮೇಲೆ, 'ನಮ್ಮ ಓಡಿಡಿಯಲ್ಲಿ ಇದು ಬರುವುದಿಲ್ಲ.'

ಓಡಿಡಿ ಎಂದರೆ ಕಾರು ಯಾವ ರಸ್ತೆಯಲ್ಲಿ, ಯಾವ ಹವೆಯಲ್ಲಿ, ಯಾವ ವೇಗದಲ್ಲಿ ತಾನಾಗಿ ಓಡಲು ತಯಾರಾಗಿದೆ ಎಂದು ತಯಾರಕರು ಹಾಕಿಕೊಳ್ಳುವ ಗಡಿ. ಗಡಿಯ ಆಚೆಯೋ ಈಚೆಯೋ ಎಂದು ಎಳೆದಾಡಿಸಿಕೊಳ್ಳುವುದು ನಮ್ಮ ಭಾಗಕ್ಕೆ ಹೊಸದೇನಲ್ಲ ಬಿಡಿ.

ಆ ಮನುಷ್ಯ ಹೇಳಿದ್ದು ತಪ್ಪು ಎಂದು ನಾನು ಹೇಳಲಾರೆ. ಗಡಿ ಹಾಕಿಕೊಳ್ಳದೆ ಯಾವ ಯಂತ್ರವನ್ನೂ ಕಟ್ಟಲಾಗುವುದಿಲ್ಲ. ಈ ವಿದ್ಯೆ ಶುರುವಾದದ್ದೇ ಜನರಿಲ್ಲದ ಕಡೆ. 2004ರಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಮೊಹಾವಿ ಮರುಭೂಮಿಯಲ್ಲಿ ಚಾಲಕನಿಲ್ಲದ ಗಾಡಿಗಳ ಸ್ಪರ್ಧೆ ಏರ್ಪಡಿಸಿದಾಗ ಒಂದು ಗಾಡಿಯೂ ಗುರಿ ಮುಟ್ಟಲಿಲ್ಲ. ಎಲ್ಲಕ್ಕಿಂತ ಮುಂದೆ ಹೋದದ್ದು ಹನ್ನೆರಡು ಕಿಲೋಮೀಟರಿನೊಳಗೇ ಸಿಕ್ಕಿಬಿತ್ತು. ಮರುವರ್ಷ ಐದು ಗಾಡಿಗಳು ಮುಟ್ಟಿದವು, ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ 'ಸ್ಟ್ಯಾನ್ಲಿ' ಗೆದ್ದಿತು. 2007ರಲ್ಲಿ ಊರಿನ ರಸ್ತೆಗಳಂಥ ರಸ್ತೆಗಳಲ್ಲಿ ಸ್ಪರ್ಧೆ ನಡೆದದ್ದು ಮುಚ್ಚಿದ ವಾಯುನೆಲೆಯೊಂದರಲ್ಲಿ. ಮರಳುಗಾಡಿನಿಂದ ಖಾಲಿ ಊರಿಗೆ, ಖಾಲಿ ಊರಿನಿಂದ ಜನರಿರುವ ಊರಿಗೆ. ಒಂದೊಂದೇ ಮೆಟ್ಟಿಲು. ಕುಡಚಿ–ಉಗಾರ ನಡುವಿನ ಸೇತುವೆ ಮಳೆಗಾಲದಲ್ಲಿ ಕೃಷ್ಣೆಯ ಒಳಗೆ ಹೋಗುತ್ತದೆ, 2019ರ ಆಗಸ್ಟಿನಲ್ಲಿ ರಸ್ತೆಗಳೇ ಹೊಳೆಯಾಗಿದ್ದವು. ನಕ್ಷೆಯನ್ನು ನಂಬಿ ಓಡುವ ಕಾರಿಗೆ ಇದನ್ನೆಲ್ಲ ಮೊದಲ ದಿನವೇ ಕಲಿಸು ಎನ್ನುವುದು ನ್ಯಾಯವಲ್ಲ. ಮಾಘದಲ್ಲಿ ಚಿಂಚಲಿಯ ಮಾಯಕ್ಕನ ಜಾತ್ರೆಗೆ ಮಹಾರಾಷ್ಟ್ರದಿಂದ ಸಾಲುಗಟ್ಟಿ ಬರುವ ಚಕ್ಕಡಿಗಳ ನಡುವೆ, ಭಂಡಾರ ಹಾರಿ ಕ್ಯಾಮೆರಾ ಹಳದಿಯಾದ ಮೇಲೆ, ಯಾವ ಸಾಫ್ಟ್‌ವೇರ್ ಏನು ಮಾಡಬೇಕು? ನನಗೆ ಸಂಬಳ ಕೊಟ್ಟರೂ ಅದನ್ನು ನಾನು ಬರೆಯಲೊಲ್ಲೆ.

ನನ್ನ ತಕರಾರು ಗಡಿಯ ಬಗ್ಗೆ ಅಲ್ಲ, 'ಅಪರೂಪ' ಎಂಬ ಮಾತಿನ ಬಗ್ಗೆ. ಯಾವುದು ಅಪರೂಪ ಎಂಬುದನ್ನು ರಸ್ತೆ ಹೇಳುವುದಿಲ್ಲ. ಡೇಟಾ ಕೂಡಿಸುವ ಗಾಡಿ ಎಲ್ಲಿ ಓಡಿತು, ಯಾವ ತಿಂಗಳಲ್ಲಿ ಓಡಿತು ಎಂಬುದು ಹೇಳುತ್ತದೆ. ಈ ಕ್ಷೇತ್ರದಲ್ಲಿ ಬಹಳ ಬಳಕೆಯಲ್ಲಿರುವ ಚಿತ್ರಸಂಗ್ರಹ 2016ರ ಸಿಟಿಸ್ಕೇಪ್ಸ್. ಐವತ್ತು ಊರುಗಳ ರಸ್ತೆಗಳು, ಬಹುತೇಕ ಎಲ್ಲವೂ ಜರ್ಮನಿಯವು, ಹಗಲು ಹೊತ್ತು, ಒಳ್ಳೆಯ ಹವೆ. ಅಲ್ಲಿ ಆಟೊರಿಕ್ಷಾ ಇಲ್ಲ, ಎಮ್ಮೆ ಇಲ್ಲ. ಹೈದರಾಬಾದಿನ ಐಐಐಟಿಯವರು ಇಂಟೆಲ್ ಜೊತೆ ಸೇರಿ 2018ರಲ್ಲಿ ಹೊರತಂದ ಇಂಡಿಯಾ ಡ್ರೈವಿಂಗ್ ಡೇಟಾಸೆಟ್ ದೊಡ್ಡ ಹೆಜ್ಜೆ. ಹತ್ತು ಸಾವಿರ ಚಿತ್ರ, 34 ವರ್ಗ, 182 ಓಟ. ಆಟೊರಿಕ್ಷಾಕ್ಕೆ ತನ್ನದೇ ಹೆಸರು ಸಿಕ್ಕಿತು, ಪ್ರಾಣಿಗೂ ಸಿಕ್ಕಿತು. ಆದರೆ ಆ ಓಟಗಳು ಹೈದರಾಬಾದ್, ಬೆಂಗಳೂರು ಮತ್ತು ಅವುಗಳ ಸುತ್ತಲಿನವು. ಯಾವ ಹೆಸರಿನಲ್ಲೂ ಸೇರದ ಗಾಡಿಗಳಿಗಾಗಿ ಅದರಲ್ಲಿ 'ವೆಹಿಕಲ್ ಫಾಲ್‌ಬ್ಯಾಕ್' ಎಂಬ ಒಂದು ವರ್ಗವಿದೆ. ಇತರೆ ಎನ್ನೋಣ. ಅರ್ಜಿ ನಮೂನೆಗಳಲ್ಲಿ ಕೊನೆಗೆ ಇರುತ್ತದಲ್ಲ, ಆ ಇತರೆ.

ಸಂದರ್ಶನ ಮುಗಿಸಿ ಬಂದ ವಾರ ನಾನು ಒಂದು ಪ್ರಯೋಗ ಮಾಡಿದೆ. ಫೋನಿನಲ್ಲಿ ಮೊದಲೇ ತೆಗೆದಿದ್ದ ಕಬ್ಬಿನ ಟ್ರಾಲಿಗಳ ಹಿಂಬದಿಯ ಚಿತ್ರಗಳನ್ನು, ಸಿಟಿಸ್ಕೇಪ್ಸ್ ಮೇಲೆ ಕಲಿತ ಒಂದು ಮಾದರಿಗೆ ಕೊಟ್ಟೆ. ಮಾದರಿ ಪ್ರತಿ ಚುಕ್ಕೆಗೂ ಒಂದು ಹೆಸರು ಹಚ್ಚುತ್ತದೆ. ಟ್ರಾಲಿಯ ಗಾಲಿಗೆ ಕೆಲವು ಚಿತ್ರಗಳಲ್ಲಿ 'ಟ್ರಕ್' ಎಂದಿತು. ಮೇಲಿನದಕ್ಕೆಲ್ಲ, ಗಾಡಿಯ ಮುಕ್ಕಾಲು ಭಾಗಕ್ಕೆ, 'ಸಸ್ಯ' ಎಂದಿತು. ತಪ್ಪೆನ್ನುವುದು ಹೇಗೆ? ಕಬ್ಬು ಸಸ್ಯವೇ. ರಸ್ತೆಯ ಪಕ್ಕದಲ್ಲಿ ಬೆಳೆದು ನಿಂತದ್ದಾದರೆ ಮಾದರಿ ಹೇಳಿದ್ದು ಪೂರ್ತಿ ಸರಿ. ಇಲ್ಲಿ ಅದು ರಸ್ತೆಯ ಮೇಲೆಯೇ ನಿಂತಿದೆ, ಅಷ್ಟೇ ವ್ಯತ್ಯಾಸ.

ಹೆಸರು ಹಚ್ಚುವುದರಲ್ಲಿ ಜೀವ ಹೋಗುತ್ತದೆ ಎಂಬುದು ಉತ್ಪ್ರೇಕ್ಷೆಯಲ್ಲ. 2018ರ ಮಾರ್ಚ್ 18ರ ರಾತ್ರಿ ಅಮೆರಿಕದ ಅರಿಜೋನಾದ ಟೆಂಪಿ ಎಂಬಲ್ಲಿ, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಎಲೇನ್ ಹರ್ಜ್‌ಬರ್ಗ್ ಎಂಬ ಮಹಿಳೆಗೆ ಊಬರ್ ಕಂಪನಿಯ ಪ್ರಾಯೋಗಿಕ ಕಾರು ಡಿಕ್ಕಿ ಹೊಡೆಯಿತು, ಆಕೆ ತೀರಿಕೊಂಡರು. ಅಮೆರಿಕದ ಸಾರಿಗೆ ಸುರಕ್ಷಾ ಮಂಡಳಿಯ ವರದಿಯನ್ನು ಈ ಕೆಲಸಕ್ಕೆ ಹೋಗುವ ಎಲ್ಲರೂ ಓದಬೇಕು. ಕಾರಿನ ರಡಾರ್ ಆಕೆಯನ್ನು ಐದೂವರೆ ಸೆಕೆಂಡಿಗೂ ಮೊದಲೇ ಕಂಡಿತ್ತು. ಕಂಡದ್ದು ಏನು ಎಂದು ತೀರ್ಮಾನಿಸಲಾಗಲಿಲ್ಲ. ವಾಹನ ಎಂದಿತು, ಇತರೆ ಎಂದಿತು, ಸೈಕಲ್ ಎಂದಿತು, ಮತ್ತೆ ಇತರೆ. ಹೆಸರು ಬದಲಾದಾಗಲೆಲ್ಲ ಅದುವರೆಗಿನ ಚಲನೆಯ ಲೆಕ್ಕವನ್ನು ಅಳಿಸಿ ಹೊಸದಾಗಿ ಶುರುಮಾಡುತ್ತಿತ್ತು. ಜನ ರಸ್ತೆ ದಾಟುವುದು ದಾಟುವ ಪಟ್ಟಿಯ ಹತ್ತಿರ ಮಾತ್ರ ಎಂಬಂತೆ ಆ ವ್ಯವಸ್ಥೆಯನ್ನು ಕಟ್ಟಿದ್ದರು. ಚಿಕ್ಕೋಡಿಯ ಬಸವೇಶ್ವರ ಸರ್ಕಲ್ಲಿನಲ್ಲಿ ಹತ್ತು ನಿಮಿಷ ನಿಂತವರು ಯಾರೂ ಹಾಗೆ ಕಟ್ಟುತ್ತಿರಲಿಲ್ಲ.

'ಆ ರಸ್ತೆಗೆ ನಮ್ಮ ಕಾರು ಬರುವುದಿಲ್ಲ' ಎಂಬ ಮಾತೂ ಅರ್ಧ ನಿಜ. ಪೂರ್ತಿ ಚಾಲಕನಿಲ್ಲದ ಕಾರು ಬರಲಿಕ್ಕಿಲ್ಲ. ಆದರೆ ಅದೇ ರಡಾರ್, ಅದೇ ಕ್ಯಾಮೆರಾ, ಮುಂದಿನ ಗಾಡಿಯನ್ನು ನೋಡಿ ವೇಗ ಹೊಂದಿಸುವ ಅದೇ ಲೆಕ್ಕ ಈಗ ಮಧ್ಯಮ ವರ್ಗದವರು ಕೊಳ್ಳುವ ಕಾರುಗಳಲ್ಲೂ ಇವೆ. ಪುಣೆ–ಬೆಂಗಳೂರು ಹೆದ್ದಾರಿ ನಿಪ್ಪಾಣಿಯ ಮೇಲೆಯೇ ಹಾದುಹೋಗುತ್ತದೆ. ತವಂದಿ ಘಾಟು ಇಳಿಯುವ ಕಾರಿನವನು ಕಾಲನ್ನು ಪೆಡಲಿನಿಂದ ತೆಗೆದು ಹಾಯಾಗಿ ಕೂತಿರಬಹುದು. ನಿಂತ ವಾಹನವನ್ನು ಈ ವ್ಯವಸ್ಥೆ ಗುರುತಿಸದೆ ಇರಬಹುದು ಎಂದು ಕೈಪಿಡಿಯಲ್ಲಿ ಬರೆದಿರುತ್ತದೆ. ಕೈಪಿಡಿ ಡ್ಯಾಶ್‌ಬೋರ್ಡಿನೊಳಗೆ, ಪ್ಲಾಸ್ಟಿಕ್ ಕವರಿನಲ್ಲಿ ಇರುತ್ತದೆ.

ಸಂದರ್ಶನದ ಕೊನೆಗೆ 'ನಿಮ್ಮದೇನಾದರೂ ಪ್ರಶ್ನೆ?' ಎಂದು ಕೇಳುತ್ತಾರೆ. ನಾನು ಕೇಳಿದೆ: ನಿಮ್ಮ ಡೇಟಾ ಗಾಡಿ ವರ್ಷದ ಯಾವ ತಿಂಗಳುಗಳಲ್ಲಿ ಓಡುತ್ತದೆ? ಅದು ಗೋಪ್ಯ ಎಂದರು. ಎರಡು ವಾರದ ನಂತರ ಮೂರು ಸಾಲಿನ ಮೇಲ್ ಬಂತು, ಈ ಸಲ ಮುಂದುವರಿಯುತ್ತಿಲ್ಲ ಎಂದು. ಕಾರಣ ಬರೆದಿರಲಿಲ್ಲ, ಯಾರೂ ಬರೆಯುವುದಿಲ್ಲ. ಮೂರನೆಯ ಕಂಪನಿಯಲ್ಲಿ ಕೆಲಸ ಸಿಕ್ಕಿದೆ. ಥೀಸಿಸ್ ಒಪ್ಪಿಸಿದ ಮೇಲೆ ಸೇರಬೇಕು.

ಅವ್ವ ಇದನ್ನು ಫೋನಿನಲ್ಲಿ ಮಾಮಾನಿಗೆ ಹೇಳಿದಳು. ಮಾಮಾ ಇಪ್ಪತ್ತೆರಡು ವರ್ಷದಿಂದ ಕಬ್ಬಿನ ಟ್ರ್ಯಾಕ್ಟರ್ ಓಡಿಸುವವನು.

'ಏನಂತ ಅಳಿಯಾ, ಡ್ರೈವರ್ ಇಲ್ಲದ ಗಾಡಿ ಮಾಡಾಕ ಹೊಂಟಿಯಂತ? ಡ್ರೈವರನ ಅಳಿಯಗ ಇದ ಕೆಲಸ ಸಿಗಬೇಕೇನ?'

ನಗುತ್ತಲೇ ಕೇಳಿದ. ಆದರೆ ಪ್ರಶ್ನೆ ನಗುವಿನದಲ್ಲ. ಚಾಲಕರ ಕೆಲಸ ಹೋಗುತ್ತದೆ, ಹಾಗಾಗಿ ಇಂಥ ಕಾರುಗಳಿಗೆ ಭಾರತದಲ್ಲಿ ಅವಕಾಶ ಕೊಡುವುದಿಲ್ಲ ಎಂದು ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ 2023ರಲ್ಲಿ ಹೇಳಿದ್ದರು. ಆ ಮಾತನ್ನು ಮಾಮಾನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ.

'ಅಲ್ಲೋ, ನಾ ಗಾಡಿ ಹೊಡಿಯೂದು ನಾಕ ತಾಸು. ಕಾರ್ಖಾನಿ ಯಾರ್ಡಿನ್ಯಾಗ ನಂಬರ್ ಹಚ್ಚಿ ನಿಂದ್ರೂದು ಇಪ್ಪತ್ತ ತಾಸು. ಆ ನಿಂದ್ರೂ ಕೆಲಸ ನಿನ್ನ ಕಂಪ್ಯೂಟರ್ ಮಾಡ್ತೈತೇನ ಕೇಳು. ಮಾಡ್ತೈತಿ ಅಂದ್ರ ನಾಳೆನ ತಗೊಂಡ ಬಾ, ನಾ ಮನ್ಯಾಗ ಮಲಗ್ತೀನಿ.'

ಕಳೆದ ಹಂಗಾಮಿನಲ್ಲಿ ಹದಿನೈದು ದಿನ ಊರಿಗೆ ಹೋಗಿ ಮಾಮಾನ ಜೊತೆ ತಿರುಗಿದೆ. ಟ್ರ್ಯಾಕ್ಟರಿನ ಮಡ್‌ಗಾರ್ಡಿಗೆ ಒಂದು ಕ್ಯಾಮೆರಾ ಕಟ್ಟಿದೆ. ಹಾರೂಗೇರಿ, ಕುಡಚಿ, ಉಗಾರ, ಶೇಡಬಾಳದ ಕಡೆಗೆ, ಬಹುತೇಕ ರಾತ್ರಿ. ಥೀಸಿಸ್ಸಿನ ಕೊನೆಯ ಅಧ್ಯಾಯ ಇದರ ಮೇಲೆಯೇ ಬರೆಯುತ್ತಿದ್ದೇನೆ. ಸಂಗ್ರಹ ಬಹಳ ಚಿಕ್ಕದು, ಸಾವಿರ ಚಿತ್ರವೂ ಇಲ್ಲ. ಮಾರ್ಗದರ್ಶಕರು ಅದನ್ನೇ ಮೊದಲು ಹೇಳಿದರು. ಅಥಣಿಯಲ್ಲಿರುವ ಕಾಕಾನ ಮಗಳು ಚಿಕ್ಕೋಡಿಯಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಳೆ, ಅವಳು ರಜೆಯಲ್ಲಿ ಬಂದು ಹೆಸರು ಹಚ್ಚಲು ಕೂತಳು. ಅವಳಿಗೂ ಸಂದರ್ಶನದ ತಯಾರಿ. ಕೆಲಸದ ನಡುವೆ ನಾನು ಪ್ರಶ್ನೆ ಕೇಳುವುದು, ಅವಳು ಥಿಂಕ್ ಅಲೌಡ್ ಮಾಡುವುದು. ಮೊದಲು ಕನ್ನಡದಲ್ಲೇ ಪೂರ್ತಿ ಹೇಳು, ಆಮೇಲೆ ಇಂಗ್ಲಿಷಿನಲ್ಲಿ ಹೇಳು ಎಂದಿದ್ದೆ. ಹಾಗೆ ಮಾಡಿದರೆ ಲೆಕ್ಕ ಜಾರುವುದಿಲ್ಲ, ಅನುವಾದದ ಹೊತ್ತಿಗೆ ಅದು ಗಟ್ಟಿಯಾಗಿರುತ್ತದೆ.

'ಅಣ್ಣಾ, ಇದಕ್ಕ ಏನಂತ ಹೆಸರ ಇಡೂದು?' ಎಂದು ಅವಳು ಕೇಳಿದಳು. ಟ್ರಾಲಿ, ಟ್ರಕ್, ಟ್ರೇಲರ್ ಎಂದು ನಾವಿಬ್ಬರೂ ವಾದ ಮಾಡುತ್ತಿದ್ದೆವು. ಮಾಮಾ ಚಹಾ ಕುಡಿಯುತ್ತ ಕೇಳಿಸಿಕೊಂಡ.

'ಮೂರ ಜಾತಿ ಅದಾವ ನೋಡವಾ' ಎಂದು ಅವಳಿಗೆ ಹೇಳಿದ. 'ತುಂಬಿದ ಗಾಡಿ, ಖಾಲಿ ಗಾಡಿ, ನಿಂತ ಗಾಡಿ. ತುಂಬಿದ್ದು ನಿಧಾನ, ಖಾಲಿದು ಹುಚ್ಚ. ನಿಂತದ್ದು ಬ್ಯಾರೆನ. ಅದನ್ನ ಈ ಎರಡರಾಗ ಕೂಡಸಬ್ಯಾಡ.'

ಒಂದು ಚಿತ್ರದಲ್ಲಿ ಗಾಡಿ ನಿಂತಿದೆಯೋ ಓಡುತ್ತಿದೆಯೋ ಎಂದು ಹೇಗೆ ಹೇಳುವುದು? ವಿಡಿಯೋ ಆದರೆ ಸರಿ, ಇದು ಒಂದೇ ಚೌಕಟ್ಟು. ಕತ್ತಲೆಯಲ್ಲಿ ತೆಗೆದ ಐವತ್ತು ಚಿತ್ರಗಳನ್ನು ಲ್ಯಾಪ್‌ಟಾಪಿನಲ್ಲಿ ಒಂದೊಂದಾಗಿ ತೋರಿಸಿದೆವು. ಮಾಮಾ ಕನ್ನಡಕ ಹಾಕಿಕೊಂಡು ಹೇಳುತ್ತ ಹೋದ. ನಿಂತೈತಿ. ಹೊಂಟೈತಿ. ಹೊಂಟೈತಿ. ನಿಂತೈತಿ. ವಿಡಿಯೋ ಜೊತೆ ತಾಳೆ ನೋಡಿದಾಗ ನಲವತ್ತಾರು ಸರಿ ಇದ್ದವು. ಹೇಗೆ ಗೊತ್ತಾಯಿತು ಎಂದರೆ ಬೆರಳಿಟ್ಟು ತೋರಿಸಿದ. ಹಿಂದಿನ ಟ್ರಾಲಿ ಒಂದು ಕಡೆಗೆ ವಾಲಿದೆ, ಗಾಲಿ ಕೂತಿದೆ. ಇಲ್ಲಿ ಗಾಲಿ ರಸ್ತೆ ಬಿಟ್ಟು ಮಣ್ಣಿಗೆ ಇಳಿದಿದೆ. ಇಲ್ಲಿ ರವದಿ ಗಾಳಿಗೆ ಹಿಂದಕ್ಕೆ ಹಾರುತ್ತಿಲ್ಲ, ನೇರ ಇಳಿಬಿದ್ದಿದೆ.

'ಮತ್ತ ಇಲ್ಲಿ ನೋಡು, ಕಲ್ಲ ಇಟ್ಟಾರ.'

ನಮಗೆ ಕಂಡಿರಲಿಲ್ಲ. ಚಿತ್ರವನ್ನು ಹಿಗ್ಗಿಸಿದೆವು. ರಸ್ತೆಯ ಬೂದುಬಣ್ಣದ ಮೇಲೆ ಸ್ವಲ್ಪ ಬೇರೆ ಬೂದುಬಣ್ಣದ ಮೂರು ಚುಕ್ಕೆ, ಪಕ್ಕದಲ್ಲಿ ಟೊಂಗೆಯದಿರಬಹುದಾದ ಒಂದು ಗೆರೆ. ಮಾದರಿ ಅದಕ್ಕೆ 'ರಸ್ತೆ' ಎಂದೇ ಹೆಸರು ಹಚ್ಚಿತ್ತು. ನನ್ನ ತಂಗಿ ಹೊಸದೊಂದು ವರ್ಗ ಸೇರಿಸಿ, ಅದಕ್ಕೆ 'ಇಟ್ಟ ಕಲ್ಲು' ಎಂದು ಬರೆದಳು. ಸುಮ್ಮನೆ ಬಿದ್ದ ಕಲ್ಲು ಬೇರೆ, ಅದಕ್ಕೆ ಇನ್ನೊಂದು ಬಣ್ಣ. ಎರಡನ್ನೂ ಬೇರೆ ಮಾಡಲು ಮಾಮಾನನ್ನೇ ಕೂರಿಸಿಕೊಳ್ಳಬೇಕಾಯಿತು. ರಾತ್ರಿ ಹನ್ನೊಂದಕ್ಕೆ ಕಾರ್ಖಾನೆಯಿಂದ ಫೋನ್ ಬಂತು, ನಂಬರ್ ಹತ್ತಿರ ಬಂದಿದೆ ಎಂದು. ಉಳಿದ ಇನ್ನೂರು ಚಿತ್ರ ನಾಳೆ ನೋಡೋಣ ಎಂದು ಹೇಳಿ ಮಾಮಾ ಎದ್ದು ಹೋದ.